ಗೋಡೆಗೆ ಅಂಟಿದ ಗೆಲುವು

ಪಂದ್ಯಾವಳಿಗೆ ಇನ್ನೂ ಒಂದು ತಿಂಗಳಿತ್ತು. "ಈ ಬಾರಿ ಕಪ್ ಇವರದೇ" ಎಂದು ಅಚ್ಚಾಗಿದ್ದ ಪತ್ರಿಕೆಯ ಹಾಳೆಯನ್ನು ಕಾಲೇಜಿನ ಫುಟ್‌ಬಾಲ್ ಹುಡುಗರು ತಮ್ಮ ಕೋಣೆಯ ಗೋಡೆಗೆ ಅಂಟಿಸಿದ್ದರು. ಪಕ್ಕದ ಮೊಳೆಯಲ್ಲಿ ತರಬೇತುದಾರರ ಸೀಟಿ ತೂಗುತ್ತಿತ್ತು.

ಹಾಳೆ ಕಣ್ಣು ಮುಚ್ಚಿದರೆ ಸಾಕು, ಮಂಜಿನೊಳಗಿಂದ ಮೆರವಣಿಗೆ ಬರುತ್ತಿತ್ತು. ಕಪ್ ತಾನಾಗಿ ತೇಲಿಬಂದು ಕಪಾಟಿನಲ್ಲಿ ಕೂರುತ್ತಿತ್ತು.

"ಸೀಟಿಯವರೇ, ಗೆಲುವನ್ನು ನಾನು ಆಗಲೇ ಸಾರಿಯಾಗಿದೆ. ದಿನಾ ಮುಂಜಾನೆ, ಸಂಜೆ ಆ ಮಕ್ಕಳನ್ನು ಏಕೆ ಓಡಿಸುತ್ತೀರಿ?" ಎಂದಿತು ಹಾಳೆ.

"ನಿಮ್ಮನ್ನು ಓದಿದ ಮೇಲೆ ಇಬ್ಬರು ತಡವಾಗಿ ಬರುತ್ತಿದ್ದಾರೆ, ಅದಕ್ಕೆ," ಎಂದಿತು ಸೀಟಿ.

"ಪಾಪ, ನಿಮಗೆ ಕನಸು ಕಾಣಲು ಬರುವುದಿಲ್ಲ."

"ಬರುತ್ತದೆ. ನನ್ನ ಕನಸಿನಲ್ಲಿ ನಮ್ಮ ಹುಡುಗರು ಎಡಗಾಲಿನಿಂದ ಒದ್ದ ಚೆಂಡು ನಮ್ಮವನ ಕಾಲಿಗೇ ಹೋಗುತ್ತದೆ."

ಆ ಸಂಜೆ ಮಳೆಯಲ್ಲೇ ಅಭ್ಯಾಸ ನಡೆಯಿತು. ಗೋಲ್‌ಕೀಪರನ ಬೂಟು ನೀರು ಕುಡಿದು ಬಂತು. ಒದ್ದೆ ಬೂಟಿಗೆ ಕಾಗದ ತುರುಕಿಡುವುದು ಅಲ್ಲಿನ ವಾಡಿಕೆ. ಬೇರೆ ಕಾಗದ ಸಿಗದೆ ಅವನು ಗೋಡೆಯ ಹಾಳೆಯನ್ನೇ ಕಿತ್ತು, ಮುದ್ದೆ ಮಾಡಿ ಒಳಗೆ ತುರುಕಿದ. ಬೂಟಿನ ಕತ್ತಲೊಳಗೆ ಹಾಳೆ ಕೆಸರನ್ನೂ ಬೆವರನ್ನೂ ಹೀರುತ್ತಾ ಕೂತಿತು. ಮೆರವಣಿಗೆ ಆ ಕಡೆ ಬರಲೇ ಇಲ್ಲ.

ಬೆಳಿಗ್ಗೆ ಹುಡುಗ ಅದನ್ನು ಹೊರತೆಗೆದಾಗ ಅಕ್ಷರಗಳೆಲ್ಲ ಕಲಸಿಹೋಗಿದ್ದವು.

"ಈ ಬಾರಿ ಯಾರು ಗೆಲ್ಲುತ್ತಾರೆ?" ಎಂದು ಸೀಟಿ ಕೇಳಿತು.

"ಗೊತ್ತಿಲ್ಲ," ಎಂದಿತು ಹಾಳೆ. "ಬೂಟು ಒಣಗಿದೆ. ಇನ್ನು ನೀವು ಕೂಗಿ."