ಹೆರಳು ಹಾಕುವವಳ ಬಾಗಿಲು

“ಬುದ್ಧಿ, ಮನಸ್ಸಿನಲ್ಲಿ ಸಂಶಯ ಇರುವಾಗಲೇ ಹೊಸ ಕೆಲಸಕ್ಕೆ ಕೈ ಹಾಕಬಹುದೇ? ಇಲ್ಲ, ಸಂಶಯವೆಲ್ಲ ಕಳೆದ ಮೇಲೆಯೇ ಹಾಕಬೇಕೇ?”

ಸರ್ವಮಂಗಳೆ ಹೀಗೆ ಕೇಳಿದಾಗ ಮರುಳಯ್ಯ ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವಳೂ ಒಂದು ಬೊಗಸೆ ಕಾಯಿ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದಳು. ಪೇಟೆಯ ಬ್ಯೂಟಿ ಪಾರ್ಲರೊಂದರಲ್ಲಿ ಅವಳು ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ತನ್ನದೇ ಒಂದನ್ನು ತೆರೆಯಬೇಕೆಂದು ಮನೆಯ ಮುಂದಿನ ಕೋಣೆಗೆ ಸುಣ್ಣ ಹೊಡೆಸಿ, ಕನ್ನಡಿ ತೂಗಿಸಿ, ಎರಡು ಕುರ್ಚಿಯನ್ನೂ ತಂದಿಟ್ಟಿದ್ದಳು. ಆಮೇಲೆ ಮುಂದಡಿ ಇಡಲಾಗಿರಲಿಲ್ಲ.

“ಏನು ಸಂಶಯ ಮಗಳೇ?” ಎಂದರು ಗುರುಗಳು.

“ಜನ ಬರುವುದು ನಮ್ಮ ಯಜಮಾನಿಯ ಹೆಸರು ಕೇಳಿ. ಅಲ್ಲಿ ನನ್ನ ಕೈ ತಪ್ಪಿದರೆ ಅವರು ಮಾತಾಡಿ ಸರಿಮಾಡುತ್ತಾರೆ. ನಾನೊಬ್ಬಳೇ ಇದ್ದಾಗ ತಪ್ಪಿದರೆ?”

ಗುರುಗಳು ಅವಳ ಮುಖ ನೋಡಿ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಮದುಮಗಳನ್ನು ಸಿಂಗರಿಸುವ ಮನೆಯೊಂದಿತ್ತು. ಅದರ ಯಜಮಾನಿ ದೊಡ್ಡ ಹೆಸರಿನವಳು. ಅವಳ ಕೈಕೆಳಗೆ ಹೆರಳು ಹಾಕುವ ಹೆಂಗಸೊಬ್ಬಳಿದ್ದಳು. ತಲೆಗೆ ಎಣ್ಣೆ ಹಚ್ಚುವುದು, ಸಿಕ್ಕು ಬಿಡಿಸುವುದು, ಬಾಳೆಪಟ್ಟೆಗೆ ಮಲ್ಲಿಗೆ ಮೊಗ್ಗು ಹೊಲಿದು ಜಡೆಗೆ ಕಟ್ಟುವುದು ಎಲ್ಲವೂ ಅವಳ ಕೆಲಸ. ಕೊನೆಗೆ ಯಜಮಾನಿ ಬಂದು ಬೈತಲೆಯನ್ನೊಮ್ಮೆ ಸವರಿ, ಮದುಮಗಳ ಗಲ್ಲ ಹಿಡಿದು, “ಲಕ್ಷ್ಮಿಯ ಹಾಗಿದ್ದೀಯೆ” ಎನ್ನುತ್ತಿದ್ದಳು. ಬಂದವರು ಯಜಮಾನಿಗೆ ಕೈಮುಗಿದು ಹೋಗುತ್ತಿದ್ದರು.

ಹೆರಳಿನವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಆದರೆ ಒಂದು ಆಸೆಯಿತ್ತು. ತನ್ನ ಮನೆಯ ಪಡಸಾಲೆಯಲ್ಲಿ ಒಂದು ಚಾಪೆ ಹಾಸಿ, ತಾನೇ ನಾಲ್ಕು ಜನರ ತಲೆ ಬಾಚಬೇಕು ಎಂಬುದು. ಯುಗಾದಿಗೆ ಶುರುಮಾಡುತ್ತೇನೆ ಎನ್ನುವಳು, ಯುಗಾದಿ ಹೋಗುವುದು. ಶ್ರಾವಣ ಬರಲಿ ಎನ್ನುವಳು, ಶ್ರಾವಣವೂ ಹೋಗುವುದು. ಒಂದು ದಿನ ಯಜಮಾನಿ ನೆಂಟರ ಊರಿಗೆ ಹೋಗಿದ್ದಳು. ಹೆಣ್ಣಿನ ಕಡೆಯವರು ಬಂದು, “ಯಜಮಾನಿ ಇಲ್ಲವೇ? ಹಾಗಾದರೆ ನಾಳೆ ಬರುತ್ತೇವೆ” ಎಂದು ಮೆಟ್ಟಿಲಿಂದಲೇ ತಿರುಗಿದರು. ಅಂದಿನಿಂದ ಅವಳು ಪಡಸಾಲೆಯ ಮಾತೇ ಎತ್ತಲಿಲ್ಲ.

ಹೀಗಿರುವಾಗ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಆ ಮನೆಗೆ ಬಂದಳು. ಮಗಳಿಗೆ ಹತ್ತು ದಿನದಲ್ಲಿ ಮದುವೆ. ಹಿಂದೆ ಬಂದ ವಿಷಮಜ್ವರದಲ್ಲಿ ಅವಳ ಕೂದಲು ಉದುರಿತ್ತು. ನೆತ್ತಿಯಲ್ಲಿ ಅಲ್ಲಲ್ಲಿ ಬೋಳು, ಉಳಿದದ್ದು ಬೆರಳುದ್ದ. ಗಂಡಿನ ಮನೆಯವರಿಗೆ ಎಲ್ಲ ಗೊತ್ತಿತ್ತು. “ಕೂದಲು ಮತ್ತೆ ಬರುತ್ತದೆ, ನೀನು ಬಾ” ಎಂದು ಹುಡುಗ ಹೇಳಿ ಕಳಿಸಿದ್ದ. ಹುಡುಗಿಗೇ ಮನಸ್ಸಿರಲಿಲ್ಲ. ಈ ತಲೆ ಹೊತ್ತು ಹಸೆಮಣೆಯ ಮೇಲೆ ಕೂರುವುದಿಲ್ಲ ಎಂದು ಹಟ ಹಿಡಿದಿದ್ದಳು.

ಯಜಮಾನಿ ಹುಡುಗಿಯ ತಲೆಯ ಮೇಲಿನ ಸೆರಗು ಸರಿಸಿ ನೋಡಿದಳು. ಬೇಗನೆ ಮುಚ್ಚಿದಳು.

“ಇದಕ್ಕೆ ಜಡೆ ನಿಲ್ಲುವುದಿಲ್ಲ ತಾಯಿ. ಮಂಟಪದಲ್ಲಿ ಜಾರಿ ಬಿದ್ದರೆ ನಿಮಗೂ ಅವಮಾನ, ನಮಗೂ ಕೆಟ್ಟ ಹೆಸರು. ಬೇರೆ ಕಡೆ ನೋಡಿ.”

ತಾಯಿ ಮಗಳು ಮೆಟ್ಟಿಲಿಳಿದು ಹೋದರು. ಹೆರಳಿನವಳು ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯುವ ಮೊದಲು ಬೀದಿಗೆ ಬಂದಿದ್ದಳು. ತಿರುವಿನಲ್ಲಿ ಅವರನ್ನು ಹಿಡಿದು, “ನನ್ನ ಮನೆ ಇಲ್ಲೇ ಹಿಂದಿನ ಓಣಿಯಲ್ಲಿದೆ, ಬನ್ನಿ” ಎಂದಳು.

ಮನೆಗೇನೋ ಕರೆತಂದಳು. ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿದ ಮೇಲೆ ಅವಳಿಗೆ ನೆನಪಾಯಿತು. ಇಲ್ಲಿ ಬೈತಲೆ ಸವರಲು ಯಜಮಾನಿ ಬರುವುದಿಲ್ಲ. ಸುಳ್ಳು ಧೈರ್ಯ ಹೇಳಲು ನಾಲಿಗೆ ಏಳಲಿಲ್ಲ.

“ಮಗೂ, ನನ್ನಿಂದ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ” ಎಂದಳು.

ಹುಡುಗಿ ಅಲ್ಲಿಯವರೆಗೂ ತಲೆ ತಗ್ಗಿಸಿಯೇ ಇದ್ದವಳು ಈಗ ಎತ್ತಿದಳು.

“ಐದು ಮನೆ ಸುತ್ತಿದೆವು ಅಕ್ಕ. ಎಲ್ಲರಿಗೂ ಆಗುವುದಿಲ್ಲವೆಂದು ಗೊತ್ತಿತ್ತು. ಗೊತ್ತಿಲ್ಲ ಎಂದವರು ನೀವೊಬ್ಬರೇ.”

ಹೆರಳಿನವಳು ಎಣ್ಣೆ ಬೆಚ್ಚಗೆ ಮಾಡಿ ತಂದಳು.

ಮೊದಲ ದಿನ ಕಟ್ಟಿದ ಜಡೆ ಹುಡುಗಿ ಎದ್ದು ನಿಲ್ಲುವಷ್ಟರಲ್ಲಿ ಜಾರಿ ನೆಲಕ್ಕೆ ಬಿತ್ತು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಮಾತ್ರ ಬಿದ್ದ ಜಡೆಯನ್ನು ನೋಡಿ, “ಹಾವಿನ ಹಾಗೆ ಬಿತ್ತಲ್ಲ ಅಕ್ಕ” ಎಂದು ನಕ್ಕಳು. ಜ್ವರ ಬಿಟ್ಟ ಮೇಲೆ ಮಗಳು ನಕ್ಕಿದ್ದನ್ನು ತಾಯಿ ನೋಡಿದ್ದು ಅದೇ ಮೊದಲು. ಎರಡನೆಯ ಸಲ ಕಟ್ಟಿದ್ದು ನಿಂತಿತು, ಆದರೆ ಇದ್ದ ಕೂದಲನ್ನು ಜಗ್ಗಿ ನೋಯಿಸಿತು. ಹೆರಳಿನವಳು ಅದನ್ನೂ ಬಿಚ್ಚಿದಳು. ಹಾಸಿಗೆಯಲ್ಲಿ ಮಲಗಿದಾಗಲೂ ಅವಳ ಬೆರಳು ಹೆಣೆಯುತ್ತಲೇ ಇರುತ್ತಿದ್ದವು.

ನಾಲ್ಕನೆಯ ದಿನ ಅವಳಿಗೆ ಹೊಳೆಯಿತು. ಇಷ್ಟು ವರ್ಷ ಜಡೆಯ ಭಾರವನ್ನು ಕೂದಲೇ ಹೊರುತ್ತಿತ್ತು. ಈ ಕೂದಲು ಹೊರಲಾರದು, ತಲೆ ಹೊರಬಲ್ಲದು. ತನ್ನ ಹಳೆಯ ಹತ್ತಿ ಸೀರೆಯಿಂದ ಮೆತ್ತನೆಯ ಪಟ್ಟಿಯೊಂದನ್ನು ಹೊಲಿದಳು. ಅದು ಹಣೆಯ ಮೇಲಿಂದ ಸುತ್ತಿ ಕಿವಿಯ ಹಿಂದೆ ಕೂರುತ್ತಿತ್ತು. ಬಾಳೆಪಟ್ಟೆಯನ್ನು ಬಿಟ್ಟು, ತೆಳುವಾದ ಬಟ್ಟೆಗೇ ಮೊಗ್ಗು ಹೊಲಿದು, ಅದನ್ನು ಪಟ್ಟಿಗೆ ಸೇರಿಸಿದಳು. ಪಟ್ಟಿ ಹೂವಿನ ಕೆಳಗೆ ಮರೆಯಾಯಿತು. ಹುಡುಗಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು. ಎದ್ದು ಕುಣಿದಳು. ಜಡೆ ಬೆನ್ನ ಮೇಲೆಯೇ ಇತ್ತು.

ಮದುವೆಯ ಬೆಳಗ್ಗೆ ಹೆರಳಿನವಳು ಕಂಬದ ಮರೆಯಲ್ಲಿ ನಿಂತಿದ್ದಳು. ತಾಳಿ ಕಟ್ಟಿಸಿಕೊಳ್ಳಲು ಹುಡುಗಿ ತಲೆ ಬಗ್ಗಿಸಿದಾಗ ಇವಳು ಕಣ್ಣು ಮುಚ್ಚಿಕೊಂಡಳು. ಗಟ್ಟಿಮೇಳ ನಿಂತ ಮೇಲೆಯೇ ತೆರೆದಳು. ಮದುಮಗಳು ಗಂಡನ ಪಕ್ಕದಲ್ಲಿ ಕುಳಿತು, ಕಂಬದ ಕಡೆಗೇ ನೋಡುತ್ತ ನಗುತ್ತಿದ್ದಳು.

ಆ ವಾರ ಮದುವೆಯ ಜಡೆಯ ಸುದ್ದಿ ಕೇಳಿ ಅವಳ ಮನೆಗೆ ಒಬ್ಬ ಹೆಂಗಸು ಬಂದಳು. ಒಲೆಯ ಬೆಂಕಿ ತಗುಲಿ ಅವಳ ಕಿವಿಯ ಮೇಲೆ ಕೂದಲು ಬರುತ್ತಿರಲಿಲ್ಲ. ಮತ್ತೊಬ್ಬಳು ಹೆರಿಗೆಯಾದ ಮೇಲೆ ಬಾಚಣಿಗೆ ಕಂಡರೇ ಅಳುವವಳು. ಎಂಬತ್ತು ದಾಟಿದ ಒಂದು ಅಜ್ಜಿ, “ಮೊಮ್ಮಗಳ ಮದುವೆಗೆ ನನಗೂ ಒಂದು ತುರುಬು ಬೇಕು ಕಣೆ” ಎಂದು ಬಂದು ಕುಳಿತಿತು. ಹೆರಳಿನವಳು ಒಬ್ಬೊಬ್ಬರಿಗೂ, “ಆಗುತ್ತದೋ ಇಲ್ಲವೋ ಗೊತ್ತಿಲ್ಲ, ನೋಡೋಣ” ಎನ್ನುತ್ತಿದ್ದಳು. ಅವರು ನೋಡೋಣ ಎಂಬ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದರು. ಅವಳು ಯಜಮಾನಿಯ ಮನೆಗೆ ಹೋಗಿ ಕಾಲಿಗೆರಗಿ, ಕೆಲಸ ಬಿಟ್ಟು ಬಂದಳು. ಯಜಮಾನಿ ಆಶೀರ್ವಾದ ಮಾಡಿದಳು.

ವರ್ಷ ಕಳೆಯಿತು. ಒಂದು ದಿನ ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ ಯಜಮಾನಿಯೇ ಅವಳ ಮನೆಗೆ ಬಂದಳು. ಬಾಗಿಲು ಹಾಕಿಸಿದಳು. ಚಾಪೆಯ ಮೇಲೆ ಕುಳಿತು ತನ್ನ ದೊಡ್ಡ ತುರುಬಿಗೆ ಕೈ ಹಾಕಿದಳು. ತುರುಬು ಇಡಿಯಾಗಿ ಕೈಗೆ ಬಂತು. ಅದು ಚೌರಿ ಕೂದಲಿನದು. ಅದರ ಕೆಳಗೆ ನೆತ್ತಿ ಬಯಲಾಗಿತ್ತು.

“ಎಂಟು ವರ್ಷವಾಯಿತು” ಎಂದಳು ಯಜಮಾನಿ. “ಆ ಹುಡುಗಿಯ ಸೆರಗು ಸರಿಸಿದಾಗ ನನ್ನ ತಲೆಯೇ ಕಂಡಿತು. ಹೆದರಿ ಕಳಿಸಿಬಿಟ್ಟೆ. ನನಗೂ ಒಂದು ಪಟ್ಟಿ ಹೊಲಿದುಕೊಡೆ.”

ಹೆರಳಿನವಳು ಅವಳ ಹಿಂದೆ ಕುಳಿತಳು. ಹನ್ನೆರಡು ವರ್ಷ ತನಗೆ ಕೆಲಸ ಕಲಿಸಿದವಳ ತಲೆ ಅದು. ಬೆರಳು ನಡುಗಿದವು.

“ಏನೇ, ಕೈ ನಡುಗುತ್ತಿದೆಯಲ್ಲ?”

“ಹೌದಮ್ಮ. ಪ್ರತಿಯೊಬ್ಬರು ಬಂದು ಕುಳಿತಾಗಲೂ ಮೊದಲು ನಡುಗುತ್ತದೆ.”

“ನನಗೂ ಹಾಗೆಯೇ” ಎಂದಳು ಯಜಮಾನಿ. “ನೀನು ನೋಡಬಾರದು ಅಂತ ನಿನ್ನನ್ನು ನೀರು ತರಲು ಕಳಿಸುತ್ತಿದ್ದೆ.”

ಇಬ್ಬರೂ ನಕ್ಕರು. ನಗುತ್ತಲೇ ಯಜಮಾನಿ ಕಣ್ಣೊರೆಸಿಕೊಂಡಳು. ಹೆರಳಿನವಳು ಬೆಚ್ಚಗಿನ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಆ ನೆತ್ತಿಗೆ ಮೆಲ್ಲಗೆ ಒತ್ತಿದಳು.

ಗುರುಗಳು ಕತೆ ನಿಲ್ಲಿಸಿದರು. ಸರ್ವಮಂಗಳೆ ಕಾಯಿ ಸುಲಿಯುವುದನ್ನು ಮರೆತು ಕುಳಿತಿದ್ದಳು.

“ಹಾಗಾದರೆ ಅವಳ ಸಂಶಯ ಕಳೆದದ್ದು ಯಾವಾಗ, ಬುದ್ಧಿ?”

“ಅದು ಅವಳಿಗೂ ಗೊತ್ತಿಲ್ಲ ಮಗಳೇ. ನಿನ್ನ ಸಂಶಯ ಕಳೆಯಲಿ ಎಂದು ಇನ್ನೂ ಎಷ್ಟು ತಲೆಗಳು ಕಾಯಬೇಕು, ಹೇಳು?”

ಸರ್ವಮಂಗಳೆ ಮಡಿಲಿನ ಕಾಯಿಯನ್ನು ಜಗಲಿಯ ಮೇಲೆ ಸುರಿದು, ಮುಂದಿನ ಕೋಣೆಯ ಬಾಗಿಲು ತೆರೆಯಲು ಮನೆಗೆ ಹೊರಟಳು.