ಎಡಕ್ಕೆ ಎಳೆಯುವ ಎತ್ತು

"ಅಜ್ಜಾರೇ, ಯುದ್ಧದಲ್ಲಿ ಎದುರಿನವನು ಕಟ್ಟಳೆ ಮುರಿದರೆ ನಾವು ಯಾಕೆ ಪಾಲಿಸಬೇಕು?"

ಹೀಗೆ ಕೇಳಿದವನು ನನ್ನ ಶಿಷ್ಯ ಕರಿಬಸಪ್ಪ. ಸೈನ್ಯದಲ್ಲಿದ್ದಾನೆ. ರಜೆ ಮುಗಿಸಿ ಗಡಿಗೆ ಹೊರಟವನು ನನಗೆ ನಮಸ್ಕಾರ ಮಾಡಿ ಹೋಗಲು ಮಠಕ್ಕೆ ಬಂದಿದ್ದ. ಹೆಗಲ ಮೇಲೆ ಚೀಲ ಇತ್ತು. ಕೂರು ಅಂದೆ. ಕೂರಲಿಲ್ಲ.

"ಬಸ್ಸಿಗೆ ಹೊತ್ತಾಯಿತು, ನಿಂತೇ ಕೇಳಿಬಿಡ್ತೀನಿ," ಅಂದ. "ಬಿದ್ದವನ ಮೇಲೆ ಗುಂಡು ಹಾರಿಸಬೇಡ, ಕೈ ಎತ್ತಿದವನನ್ನು ಕೊಲ್ಲಬೇಡ, ರೆಡ್ ಕ್ರಾಸ್ ಗುರುತಿನ ಗಾಡಿಯನ್ನು ಮುಟ್ಟಬೇಡ ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ದೇಶದೇಶಗಳು ಕೂಡಿ ಒಪ್ಪಿದ ಕಾನೂನಂತೆ. ನಾವು ಮುಟ್ಟಲಿಲ್ಲ. ಅವರು ನಮ್ಮ ಆಂಬುಲೆನ್ಸಿಗೇ ಹೊಡೆದರು. ಒಳಗೆ ನನ್ನ ಜೊತೆಯವನು ಮಲಗಿದ್ದ. ಒಂದೇ ತಟ್ಟೆಯಲ್ಲಿ ಉಂಡವರು ನಾವು. ನಾಳೆ ಅವರ ಗಾಡಿ ನನ್ನ ಬಂದೂಕಿನ ಎದುರಿಗೆ ಬಂದರೆ ನಾನೇನು ಮಾಡಲಿ? ನೀವೇ ಹೇಳಿ."

ನಾನು ಶಾಲೆಯ ಬಾಗಿಲು ಕಂಡವನಲ್ಲ. ಆದರೆ ನನ್ನನ್ನು ಪ್ರಶ್ನೆ ಕೇಳಿ ಉತ್ತರ ಸಿಗದೆ ಎದ್ದುಹೋದವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ವಕೀಲರು ಬಂದಿದ್ದಾರೆ. ಜಡ್ಜಿಯೊಬ್ಬರು ಬಂದು ಕಣ್ಣೊರೆಸಿಕೊಂಡು ಹೋಗಿದ್ದಾರೆ. ಒಮ್ಮೆ ಹಸುವಿನ ಆಸೆಗೆ ಬಂದ ಹುಲಿ ನಾನು ಹೇಳುತ್ತಿದ್ದ ಕತೆ ಮುಗಿಯುವ ತನಕ ಹೊಸ್ತಿಲ ಹೊರಗೆ ಕೂತು, ಹಸುವನ್ನು ಮುಟ್ಟದೆ ಕಾಡಿಗೆ ಹೋಯಿತು. ಅದನ್ನು ಕಂಡವರು ಯಾರೂ ಈಗ ಬದುಕಿಲ್ಲ. ಅದು ನನ್ನ ತಪ್ಪಲ್ಲ.

"ಸರಿ, ನಿಂತೇ ಕೇಳು," ಅಂದು ಅವನಿಗೆ ಈ ಕತೆ ಹೇಳಿದೆ.

ಎರಡು ಬೆಟ್ಟಗಳಿದ್ದವು. ಒಂದೊಂದರ ಮೇಲೆ ಒಂದೊಂದು ಕೋಟೆ. ನಡುವೆ ಒಂದು ಬಯಲು. ಮೂಡಣ ಕೋಟೆಗೆ ಒಬ್ಬ ಪಾಳೆಗಾರ, ಪಡುವಣ ಕೋಟೆಗೆ ಇನ್ನೊಬ್ಬ. ಬಯಲು ಯಾರದೆಂದು ಇಬ್ಬರಿಗೂ ಜಗಳ. ಮೂಡಣದವನ ಕಹಳೆ ಊದಿದರೆ ಪಡುವಣದ ಮನೆಗಳಲ್ಲಿ ಹೆಪ್ಪು ಹಾಕದೆ ಹಾಲು ಮೊಸರಾಗುತ್ತಿತ್ತು. ಪಡುವಣದವನು ಕುದುರೆ ಹತ್ತಿದರೆ ಅವನ ಮೀಸೆಯ ತುದಿ ಹಿಡಿದುಕೊಳ್ಳಲು ಪಕ್ಕದಲ್ಲಿ ಆಳುಗಳು ಓಡಬೇಕಿತ್ತು. ಇದು ನನ್ನ ಮುತ್ತಜ್ಜನ ಅಜ್ಜ ಕಣ್ಣಾರೆ ಕಂಡದ್ದು. ನಾನು ಎಳ್ಳಷ್ಟೂ ಸೇರಿಸಿಲ್ಲ.

ವರ್ಷಕ್ಕೊಮ್ಮೆಯಾದರೂ ಕಾದಾಡುತ್ತಿದ್ದರು. ಆದರೆ ಎರಡೂ ಕಡೆಯ ಹಿರಿಯರು ಬಹಳ ಹಿಂದೆಯೇ ಒಂದು ಕಡೆ ಕೂತು ಕಟ್ಟಳೆ ಮಾಡಿಟ್ಟಿದ್ದರು. ಆಯುಧ ಕೆಳಗಿಟ್ಟವನನ್ನು ಕೊಲ್ಲಬಾರದು. ಊರಿನ ಬಣವೆಗಳಿಗೆ ಬೆಂಕಿ ಇಡಬಾರದು. ಕುಡಿಯುವ ಬಾವಿಯನ್ನು ಕೆಡಿಸಬಾರದು. ಎಲ್ಲಕ್ಕಿಂತ ಮೇಲೆ, ಗಾಣಿಗನ ಗಾಡಿಗೆ ಬಾಣ ಬಿಡಬಾರದು.

ಈ ಗಾಣಿಗ ಬಯಲಿನ ನಡುವೆ ವಾಸ ಮಾಡಿಕೊಂಡು ಎರಡೂ ಕೋಟೆಗೆ ಎಣ್ಣೆ ಮಾರುತ್ತಿದ್ದ. ಕಾದಾಟದ ದಿನ ಅವನ ಒಂಟೆತ್ತಿನ ಗಾಡಿ ಹೊರಟಿತೆಂದರೆ ಎರಡೂ ಕಡೆಯವರು ಬಿಲ್ಲು ಇಳಿಸುತ್ತಿದ್ದರು. ಅವನು ಬಿದ್ದವರಿಗೆ ನೀರು ಕುಡಿಸುತ್ತಿದ್ದ. ಗಾಯಕ್ಕೆ ಎಣ್ಣೆ ಹಾಕಿ ಬಟ್ಟೆ ಕಟ್ಟುತ್ತಿದ್ದ. ಮೂಡಣದವರನ್ನು ಮೂಡಣ ಬಾಗಿಲಿಗೆ, ಪಡುವಣದವರನ್ನು ಪಡುವಣ ಬಾಗಿಲಿಗೆ ಮುಟ್ಟಿಸಿ ಬರುತ್ತಿದ್ದ.

ಅವನ ಗಾಡಿಗೆ ಬಾವುಟ ಇರಲಿಲ್ಲ. ಗಾಣದ ಎತ್ತಿಗೆ ಕಣ್ಣು ಕಟ್ಟಿ ರೂಢಿ. ಕಟ್ಟದಿದ್ದರೆ ಅದು ಹೆಜ್ಜೆ ಎತ್ತುವುದಿಲ್ಲ. ಅದಕ್ಕೇ ಗಾಡಿಗೆ ಹೂಡುವಾಗಲೂ ಅವನು ಅದರ ಕಣ್ಣಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದ. ಜನರಿಗೆ ಅದೇ ಗುರುತಾಯಿತು. ದಿನವೂ ಗಾಣ ಸುತ್ತಿ ಸುತ್ತಿ ಆ ಎತ್ತು ಎಲ್ಲಿ ಹೋದರೂ ಎಡಕ್ಕೆ ಎಳೆಯುತ್ತಿತ್ತು. ಗಾಣಿಗ ಹಗ್ಗ ಜಗ್ಗಿ ಜಗ್ಗಿ ದಾರಿಗೆ ತರಬೇಕಿತ್ತು. ಕೋಟೆಯ ಮೇಲಿನ ಕಾವಲಿನವರು ಅದನ್ನು ನೋಡಿ ನಗುತ್ತಿದ್ದರು.

"ಕಾಕಾ, ಎತ್ತಿಗಂತೂ ಕಣ್ಣು ಕಟ್ಟಿದ್ದೀಯ, ನಿನಗೆ ಕಟ್ಟಿದವರು ಯಾರು?" ಅಂತ ಮೇಲಿನಿಂದ ಕೂಗುತ್ತಿದ್ದರು.

ಗಾಣಿಗನೂ ನಗುತ್ತಿದ್ದ. ಗಾಡಿ ಸೊಟ್ಟ ಸೊಟ್ಟ ಬರುತ್ತಿತ್ತು. ಆದರೆ ಬರುತ್ತಿತ್ತು.

ಮೂಡಣ ಕಡೆ ಒಬ್ಬ ರೈತನಿದ್ದ. ಅವನಿಗೆ ಒಬ್ಬನೇ ಮಗ. ಮಗ ಪಾಳೆಗಾರನ ದಂಡಿನಲ್ಲಿದ್ದ. ಕಾದಾಟದ ದಿನ ರೈತ ಅನ್ನ ಮುಟ್ಟುತ್ತಿರಲಿಲ್ಲ. ಮಗ ಬಾಗಿಲಿಗೆ ಬಂದು "ಅಪ್ಪಾ" ಅಂದ ಮೇಲೆಯೇ ಉಣ್ಣುತ್ತಿದ್ದ.

ಒಂದು ದಿನ ಪಾಳೆಗಾರ ರೈತನನ್ನು ಕರೆಸಿದ. "ನಿನ್ನ ಎತ್ತಿನ ಬಣ್ಣವೂ ಗಾಣಿಗನ ಎತ್ತಿನ ಬಣ್ಣವೂ ಒಂದೇ," ಅಂದ. "ಅದಕ್ಕೆ ಕಣ್ಣು ಕಟ್ಟು. ಗಾಡಿಯಲ್ಲಿ ನನ್ನ ಬಂಟರು ಮಲಗಿಕೊಳ್ಳುತ್ತಾರೆ, ಮೇಲೆ ಹುಲ್ಲು ಹಾಕು. ಗಾಯದವರನ್ನು ತಂದಿದ್ದೀನಿ ಅಂತ ಪಡುವಣ ಬಾಗಿಲಿಗೆ ಹೋಗು. ಅವರು ಬಾಗಿಲು ತೆಗೆಯುತ್ತಾರೆ. ಒಂದೇ ದಿನಕ್ಕೆ ಯುದ್ಧ ಮುಗಿಯುತ್ತದೆ. ನಿನ್ನ ಮಗ ಆಮೇಲೆ ನಿನ್ನ ಹೊಲದಲ್ಲೇ ಇರುತ್ತಾನೆ."

ರೈತ ತಲೆ ತಗ್ಗಿಸಿ ನಿಂತ. "ಒಡೆಯಾ, ಅದು ಕಟ್ಟಳೆಯ ಗಾಡಿ," ಅಂದ.

"ಹೋದ ಬೇಸಿಗೆಯಲ್ಲಿ ನಮ್ಮ ಬಣವೆ ಸುಟ್ಟವರು ಯಾರು? ನಿನ್ನದೂ ಸುಟ್ಟಿತಲ್ಲವೇ? ಮೇವಿಲ್ಲದೆ ನಿನ್ನ ಹಸು ಸಾಯಲಿಲ್ಲವೇ? ಕಟ್ಟಳೆ ಮೊದಲು ಮುರಿದವರು ಅವರು. ಒಬ್ಬರು ಮುರಿದ ಮೇಲೆ ಅದು ಇಬ್ಬರಿಗೂ ಇಲ್ಲ."

ರೈತನಿಗೆ ಸತ್ತ ಹಸು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಮಗ ನೆನಪಾದ. ಅವನು ಒಪ್ಪಿದ.

ಎತ್ತಿಗೆ ಹೊಲದಲ್ಲಿ ಕಣ್ಣು ಕಟ್ಟಿ ನಡೆಸಿ ರೂಢಿ ಮಾಡಿಸಿದ. ಕಾದಾಟದ ದಿನ ಗಾಡಿ ಹೂಡಿ ಹೊರಟ. ಅವನದು ನೇಗಿಲ ಎತ್ತು. ಸಾಲು ಹಿಡಿದು ನಡೆದ ಎತ್ತು. ಕಣ್ಣು ಕಟ್ಟಿದರೂ ನೆಟ್ಟಗೆ ಹೋಯಿತು. ಎರಡೂ ಕಡೆ ಬಿಲ್ಲುಗಳು ಇಳಿದವು. ಪಡುವಣ ಬಾಗಿಲ ಮೇಲೆ ಒಬ್ಬ ಬಿಲ್ಲುಗಾರ ಕಾವಲಿದ್ದ. ಆ ದಿನ ಅವನ ತಮ್ಮ ಬಯಲಿನಲ್ಲಿ ಬಿದ್ದಿದ್ದ. ಗಾಡಿ ಕಂಡ ಕೂಡಲೆ ಅವನು ಮೆಟ್ಟಿಲು ಹಾರಿ ಇಳಿದು ಬಂದು, ತಾನೇ ಅಗುಳಿ ಎಳೆದು ಬಾಗಿಲು ತೆರೆದ.

ಹುಲ್ಲಿನೊಳಗಿಂದ ಬಂಟರು ಎದ್ದರು.

ಬಾಗಿಲಲ್ಲಿ ತುಂಬ ಜನ ಸತ್ತರು. ಕೋಟೆ ಮಾತ್ರ ಬೀಳಲಿಲ್ಲ. ಒಳಗಿನವರು ಒಟ್ಟಾಗಿ ಬಂಟರನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡರು. ಆದರೂ ಮೂಡಣದ ಪಾಳೆಗಾರ ಗೆದ್ದೆ ಅಂದ. ರೈತನಿಗೆ ಜರಿಯ ರುಮಾಲು ಸುತ್ತಿಸಿದ. ಯುದ್ಧ ಮುಗಿಯಲಿಲ್ಲ. ಮಗ ದಂಡಿನಲ್ಲೇ ಉಳಿದ.

ಮುಂದಿನ ಕಾದಾಟ ಬಂತು. ಸಂಜೆಗೆ ದಂಡು ಹಿಂದೆ ಸರಿಯಿತು. ರೈತನ ಮಗ ಬರಲಿಲ್ಲ. ರೈತ ಬೆಟ್ಟದ ಬುಡಕ್ಕೆ ಓಡಿ ಬಂದು ನೋಡಿದ. ಮಗ ಪಡುವಣ ಗೋಡೆಯ ಕೆಳಗೆ ಬಿದ್ದಿದ್ದ. ತೊಡೆಗೆ ಬಾಣ ಹೊಕ್ಕಿತ್ತು. ಬದುಕಿದ್ದ. ಆಗಾಗ ಒಂದು ಕೈ ಎತ್ತುತ್ತಿದ್ದ.

ರೈತ ಗಾಣಿಗನ ಮನೆಗೆ ಓಡಿದ. ಗಾಣಿಗ ಆಗಲೇ ಎತ್ತಿಗೆ ಕಣ್ಣು ಕಟ್ಟುತ್ತಿದ್ದ.

"ನನ್ನ ಮಗ ಅಲ್ಲಿದ್ದಾನೆ ಕಣಣ್ಣ," ಅಂದ ರೈತ.

"ಕಂಡೆ," ಅಂದ ಗಾಣಿಗ. ಅವನಿಗೆ ಎಲ್ಲವೂ ಗೊತ್ತಿತ್ತು. ನೀರಿನ ಕೊಡವನ್ನು ಗಾಡಿಯಲ್ಲಿಟ್ಟು ಹೊರಟ.

ಗಾಡಿ ಬಯಲಿಗೆ ಇಳಿಯಿತು. ಎಡಕ್ಕೆ ಎಳೆಯಿತು. ಗಾಣಿಗ ಜಗ್ಗಿದ. ಮತ್ತೆ ಎಡಕ್ಕೆ ಎಳೆಯಿತು. ಮತ್ತೆ ಜಗ್ಗಿದ. ಮೂಡಣದಲ್ಲಿ ಬಿಲ್ಲು ಇಳಿಯಿತು. ಪಡುವಣದಲ್ಲಿ ಇಳಿಯಲಿಲ್ಲ. ಗಾಡಿ ಮಗನ ಹತ್ತಿರ ಹೋಗುತ್ತಿದ್ದ ಹಾಗೆಯೇ ಗೋಡೆಯ ಮೇಲಿಂದ ಬಾಣ ಬಂತು. ಗಾಣಿಗ ಬಿದ್ದ. ಹಗ್ಗ ಸಡಿಲವಾಯಿತು.

ಕರಿಬಸಪ್ಪಾ, ನಾನು ಹುಲಿಯ ಕತೆ ಹೇಳಿದಾಗ ನಗಬಹುದು ನೀನು, ಮೀಸೆಯ ಕತೆಗೂ ನಗಬಹುದು. ಇದಕ್ಕೆ ನಗಬೇಡ.

ಜಗ್ಗುವವರಿಲ್ಲದೆ ಎತ್ತು ಎಡಕ್ಕೆ ತಿರುಗಿತು. ಮತ್ತೂ ಎಡಕ್ಕೆ ತಿರುಗಿತು. ತಾನು ಗಾಣದಲ್ಲಿದ್ದೇನೆ ಅಂದುಕೊಂಡಿತು. ಬಯಲಿನಲ್ಲಿ ಸುತ್ತತೊಡಗಿತು. ಆ ಸುತ್ತಿನ ನಡುವೆ ರೈತನ ಮಗ. ಗಾಡಿಯಲ್ಲಿ ನೀರಿನ ಕೊಡ. ನೀರು ಅವನನ್ನು ಸುತ್ತುತ್ತಲೇ ಇತ್ತು. ಗಾಡಿ ಎದುರಿಗೆ ಬಂದಾಗಲೆಲ್ಲ ಅವನು ಕೈ ಎತ್ತುತ್ತಿದ್ದ. ಗಾಡಿ ದಾಟಿ ಹೋಗುತ್ತಿತ್ತು.

ರೈತ ಓಡಿದ. ಕಾಲಿನ ಮುಂದೆ ಬಾಣಗಳು ನಾಟಿದವು. ಅವನ ಕಡೆಯವರೇ ಅವನನ್ನು ಹಿಡಿದು ಹಿಂದಕ್ಕೆ ಎಳೆದರು. ಅವನು ಅಲ್ಲಿಂದಲೇ ಕೂಗಿದ. "ಅದು ಗಾಣಿಗನ ಗಾಡಿ! ಈ ಸಲ ನಿಜವಾದ ಗಾಡಿ!" ಗೋಡೆಯ ಮೇಲೆ ಯಾರೂ ಅಲುಗಲಿಲ್ಲ.

ಕತ್ತಲಾಗುವ ಮುಂಚೆ ಗಾಡಿ ಮತ್ತೊಮ್ಮೆ ಮಗನ ಎದುರಿಗೆ ಬಂತು. ಕೈ ಮೇಲೆ ಬರಲಿಲ್ಲ.

ಆಗ ರೈತ ಹಿಡಿದವರ ಕೈ ಬಿಡಿಸಿಕೊಂಡ. ಜರಿಯ ರುಮಾಲನ್ನು ಕಿತ್ತೆಸೆದ. ಎರಡೂ ಕೈ ಮೇಲೆತ್ತಿ ಬಯಲು ದಾಟಿ ಗೋಡೆಯ ಕೆಳಗೆ ಹೋಗಿ ನಿಂತ. ಮೇಲೆ ಅದೇ ಬಿಲ್ಲುಗಾರ ಇದ್ದ. ಬಾಗಿಲು ತೆರೆದವನು.

"ನನ್ನ ಎತ್ತು ನೆಟ್ಟಗೆ ಬಂದಿತ್ತು," ಅಂದ ರೈತ. "ಅವನದು ಎಡಕ್ಕೆ ಎಳೆಯುತ್ತಿತ್ತು. ಹುಟ್ಟಿದಾಗಿನಿಂದ ಆ ಗಾಡಿ ಕಂಡವನು ನೀನು. ಗೊತ್ತಾಗಲಿಲ್ಲವೇ ನಿನಗೆ?"

"ಗೊತ್ತಾಯಿತು," ಅಂದ ಬಿಲ್ಲುಗಾರ. "ಎಡಕ್ಕೆ ಎಳೆಯುವುದನ್ನೂ ಈ ಸಲ ಕಲಿತು ಬಂದಿರಬಹುದು ಅಂದುಕೊಂಡೆ." ಕೈಯಲ್ಲಿದ್ದ ಬಾಣವನ್ನು ಬತ್ತಳಿಕೆಗೆ ಹಾಕಿದ. "ಆವತ್ತು ನಿನ್ನ ಗಾಡಿಯ ಹಿಂದೆಯೇ ಗಾಣಿಗನ ಗಾಡಿ ಬರುತ್ತಿತ್ತು. ಅದರಲ್ಲಿ ನನ್ನ ತಮ್ಮ ಇದ್ದ. ಅಷ್ಟರಲ್ಲಿ ನಾವು ಬಾಗಿಲು ಹಾಕಿಯಾಗಿತ್ತು. ಅಣ್ಣಾ, ತೆಗಿ ಅಂತ ಹೊರಗಿನಿಂದ ಕೂಗಿದ. ಇದೂ ಮೋಸ ಅಂದುಕೊಂಡೆವು. ಕೂಗು ನಿಂತ ಮೇಲೆ ತೆಗೆದೆವು."

ಬಿಲ್ಲುಗಾರ ಬಿಲ್ಲನ್ನು ಗೋಡೆಗೆ ಒರಗಿಸಿಟ್ಟ.

"ತಗೊಂಡು ಹೋಗು," ಅಂದ.

ರೈತ ಎತ್ತಿನ ಹಗ್ಗ ಹಿಡಿದು ನಿಲ್ಲಿಸಿದ. ಮಗನನ್ನು ಗಾಡಿಯಲ್ಲಿ ಮಲಗಿಸಿದ. ಗಾಣಿಗನನ್ನು ಪಕ್ಕದಲ್ಲಿ ಮಲಗಿಸಿದ. ಎತ್ತು ದಣಿದು ನೊರೆ ಸುರಿಸುತ್ತಿತ್ತು. ಅದರ ಕಣ್ಣಿನ ಬಟ್ಟೆ ಬಿಚ್ಚಿ ಮುಖ ಒರೆಸಿದ. ಬಟ್ಟೆ ಬಿಚ್ಚಿದ ಮೇಲೆ ಎತ್ತು ಹೆಜ್ಜೆ ಎತ್ತಲಿಲ್ಲ. ಏನು ಮಾಡಿದರೂ ಎತ್ತಲಿಲ್ಲ. ಕೊನೆಗೆ ರೈತ ಆ ಬಟ್ಟೆಯನ್ನು ಮತ್ತೆ ಕಟ್ಟಿದ. ಆಗ ಅದು ನಡೆಯಿತು. ಎಡಕ್ಕೆ ಎಳೆಯಿತು. ರೈತ ಅಳುತ್ತ ಹಗ್ಗ ಜಗ್ಗಿದ.

ಮುಂದಿನ ಕಾದಾಟದ ದಿನವೂ ಗಾಡಿ ಬಯಲಿಗೆ ಬಂತು. ಹಗ್ಗ ಹಿಡಿದವನು ರೈತ. ಮೊದಲ ಸಲ ಅವನ ಭುಜಕ್ಕೆ ಬಾಣ ಬಿತ್ತು. ಕೈಲಾದಷ್ಟು ಜನಕ್ಕೆ ನೀರು ಕೊಟ್ಟು ತಿರುಗಿ ಬಂದ. ಇನ್ನೊಂದು ಸಲ ಗಾಡಿಯ ಗಾಲಿ ಮುರಿಯಿತು. ಅವನ ಪಾಳೆಗಾರ, "ಶತ್ರುವಿಗೆ ನೀರು ಕೊಡುತ್ತೀಯಾ?" ಅಂತ ಚಾಟಿಯಲ್ಲಿ ಹೊಡೆಸಿದ. ಅವನು ಗಾಲಿ ಕಟ್ಟಿಸಿಕೊಂಡು ಮತ್ತೆ ಹೋದ. ಪಡುವಣ ಗೋಡೆಯ ಮೇಲೆ ಬಿಲ್ಲು ಮತ್ತೆ ಇಳಿಯುವ ಹೊತ್ತಿಗೆ ಎಷ್ಟು ಮಕ್ಕಳು ಆ ಬಯಲಿನಲ್ಲಿ ಕೈ ಎತ್ತಿ ಎತ್ತಿ ಸತ್ತರೋ, ನನ್ನ ಮುತ್ತಜ್ಜನ ಅಜ್ಜನೂ ಹೇಳಲಿಲ್ಲ. ಅವನು ಎಲ್ಲವನ್ನೂ ಹೇಳುವ ಮನುಷ್ಯ.

ನನ್ನ ಕತೆ ಮುಗಿಯಿತು. ರಸ್ತೆಯ ಕಡೆ ಬಸ್ಸಿನ ಹಾರ್ನ್ ಕೇಳಿಸಿತು. ಕರಿಬಸಪ್ಪ ಹೋಗಲಿಲ್ಲ. ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

"ಎಲ್ಲ ಸರಿ ಅಜ್ಜಾರೇ," ಅಂದ. "ಆದರೂ ಬಣವೆ ಸುಟ್ಟವರು ಅವರೇ ಅಲ್ಲವೇ? ಮೊದಲು ಮುರಿದವರು ಅವರೇ. ಮತ್ತೆ ನಾವೇ ಯಾಕೆ ಪಾಲಿಸಬೇಕು?"

ನಾನು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದೆ.

"ಈ ಪ್ರಶ್ನೆಯನ್ನು ನಿಂತುಕೊಂಡು ಕೇಳಿದೆ ತಮ್ಮಾ, ಒಂದು ಸಲ ಆ ಬಯಲಿನಲ್ಲಿ ಮಲಗಿಕೊಂಡು ಕೇಳು."