ಚಂದ್ರ ಯಾಕೆ ಬೆನ್ನು ತೋರಿಸುವುದಿಲ್ಲ?

ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರಿರಲಿಲ್ಲ. ಬೆಟ್ಟವನ್ನು ಮುಟ್ಟಿದರೆ ಬೆರಳಿಗೆ ಹಸಿರು ಅಂಟುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಗೊತ್ತಾಗದೆ ನದಿಗಳು ಗಾಳಿಯನ್ನು ದಾರಿ ಕೇಳುತ್ತಿದ್ದವು. ಆಗ ನಡೆದದ್ದು ಇದು.

ಸೂರ್ಯಪ್ಪನಿಗೆ ಇಬ್ಬರು ಮಕ್ಕಳು. ದೊಡ್ಡವಳು ಭೂಮಿ, ಚಿಕ್ಕವನು ಚಂದ್ರ. ಭೂಮಿಗೆ ಆಗಷ್ಟೇ ಒಂದು ಕೂಸು ಹುಟ್ಟಿತ್ತು. ಅದರ ಹೆಸರು ಕಡಲು. ಅಂದಮೇಲೆ ಚಂದ್ರ ಆ ಕೂಸಿಗೆ ಸೋದರಮಾವ ಆದನಲ್ಲ! ಅವನಿಗಂತೂ ಹಿಗ್ಗೋ ಹಿಗ್ಗು.

ಚಂದ್ರನಿಗೆ ಗೊತ್ತಿದ್ದ ಆಟ ಒಂದೇ. ಬುಗುರಿಯ ಹಾಗೆ ಗಿರಗಿರನೆ ತಿರುಗುವುದು. ನಿಂತಲ್ಲಿ ತಿರುಗುತ್ತಿದ್ದ, ನಡೆಯುತ್ತ ತಿರುಗುತ್ತಿದ್ದ, ಮಾತಾಡುತ್ತಲೂ ತಿರುಗುತ್ತಿದ್ದ.

ಭೂಮಿಗೆ ಮಾತ್ರ ಬಿಡುವಿರಲಿಲ್ಲ. ಅಪ್ಪನ ಬಿಸಿಲು ಕಾಡಿಗೂ ಬೇಕು, ಗದ್ದೆಗೂ ಬೇಕು, ಹಿಮದ ಗುಡ್ಡಕ್ಕೂ ಬೇಕು. ಅದಕ್ಕೆಂದು ಅವಳು ಹಂಚಿನ ಮೇಲೆ ರೊಟ್ಟಿ ತಿರುವಿಹಾಕುವ ಹಾಗೆ ತನ್ನ ಮೈಯನ್ನೇ ತಿರುವುತ್ತಿದ್ದಳು. ಮಡಿಲಲ್ಲಿ ಕೂಸು ಬೇರೆ.

"ತಮ್ಮಾ, ಹೇಗಿದ್ದರೂ ಸುತ್ತುತ್ತಲೇ ಇರ್ತೀಯ. ನನ್ನ ಸುತ್ತಲೇ ಸುತ್ತು. ಕೂಸನ್ನ ಒಂದಿಷ್ಟು ಆಡಿಸು" ಅಂದಳು ಭೂಮಿ.

"ಅದಕ್ಕೇನಕ್ಕಾ!" ಅಂದ ಚಂದ್ರ. ಅಂದವನೇ ಬಂದ, ಗಿರಗಿರ ತಿರುಗುತ್ತ.

ಮಾವನ ಮುಖ ಕಂಡಿತು. ಕೂಸು ಕಿಲಕಿಲ ನಕ್ಕಿತು. ಎತ್ತಿಕೋ ಎಂದು ನೀರಿನ ಕೈಗಳನ್ನು ಮೇಲೆ ಚಾಚಿತು. ಅಷ್ಟರಲ್ಲಿ ಚಂದ್ರ ತಿರುಗಿದ. ಬೆನ್ನು ಕಂಡಿತು. ಅಯ್ಯೋ, ಮಾವ ಹೊರಟೇ ಹೋದ! ಕೂಸು ಹೋ ಎಂದು ಅತ್ತು, ಅವನನ್ನು ಹಿಡಿಯಲು ಜಿಗಿಯಿತು.

ಕಡಲು ಜಿಗಿದರೆ ಏನಾಗುತ್ತದೆ? ನೀರೆಲ್ಲ ಧೋ ಎಂದು ನೆಲದ ಮೇಲೆ ಬಿತ್ತು.

ಮತ್ತೆ ಮುಖ, ಮತ್ತೆ ನಗು. ಮತ್ತೆ ಬೆನ್ನು, ಮತ್ತೆ ಅಳು, ಮತ್ತೆ ಧೋ! ಚಂದ್ರನಿಗೆ ಇದೊಂದೂ ತಿಳಿಯಲಿಲ್ಲ. ಅಷ್ಟು ಜೋರಾಗಿ ತಿರುಗುವವನಿಗೆ ಲೋಕವೆಲ್ಲ ಬರೀ ಬಣ್ಣದ ಗೆರೆಗಳ ಹಾಗೆ ಕಾಣುತ್ತಿತ್ತು.

ಮರಳಿನಲ್ಲಿ ಬಿಲ ತೋಡಿಕೊಂಡು ಏಡಿಯಮ್ಮ ಎಂಬವಳು ಸಂಸಾರ ಹೂಡಿದ್ದಳು. ನೀರು ಅವಳ ಬಿಲವನ್ನು ಕೆಡವಿ, ಮಕ್ಕಳನ್ನು ಹೊತ್ತುಕೊಂಡು ಹೋಯಿತು. ಬೆಟ್ಟದ ತನಕ ಹುಡುಕಿಕೊಂಡು ಹೋದರೆ, ಏಡಿಮರಿಗಳೆಲ್ಲ ಒಂದು ಹಲಸಿನ ಮರದಲ್ಲಿ ಕಾಯಿಗಳ ಹಾಗೆ ನೇತಾಡುತ್ತಿದ್ದವು!

ಮಕ್ಕಳನ್ನು ಒಂದೊಂದಾಗಿ ಇಳಿಸಿಕೊಂಡು ಅವಳು ನೇರ ಭೂಮಿಯ ಹತ್ತಿರ ದೂರು ತಂದಳು. "ತಾಯೀ, ನಾವು ಮರ ಹತ್ತೋ ಜಾತಿಯಲ್ಲ. ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ."

ಭೂಮಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ಏನೋ ಚಂದ್ರ, ಕೂಸನ್ನ ಆಡಿಸು ಅಂದರೆ ಊರು ಮುಳುಗಿಸ್ತೀಯಾ? ಸಾಕು ನಿನ್ನ ಉಪಕಾರ!"

ಚಂದ್ರನ ಮುಖ ಚಿಕ್ಕದಾಯಿತು. ಹೊರಟೇಬಿಟ್ಟ. ದೂರ, ದೂರ, ಆಕಾಶದ ಮೂಲೆಗೆ ಹೋಗಿ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತ. ತಿರುಗಲೂ ಮನಸ್ಸಾಗಲಿಲ್ಲ.

ಈಗ ಕಡಲು ಅಳಲಿಲ್ಲ. ನಗಲೂ ಇಲ್ಲ. ತಟ್ಟೆಯಲ್ಲಿ ಆರಿದ ಗಂಜಿಯ ಹಾಗೆ ಸುಮ್ಮನೆ ಬಿದ್ದುಕೊಂಡಿತು. ಗಾಳಿ ಕಚಗುಳಿಯಿಟ್ಟಿತು, ಅಲುಗಲಿಲ್ಲ. ನೀರು ಹಳಸಿ ವಾಸನೆ ಬರತೊಡಗಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ದಂಡೆಗೆ ಒಂದು ಎಳೆ ಪಾಚಿಯೂ ಬರಲಿಲ್ಲ. ಏಡಿಮರಿಗಳು ಹಸಿವೆಯಿಂದ ಅಮ್ಮನ ಕಾಲು ಚೀಪಿದವು.

"ಕೂಸು ಕಣ್ಣೇ ಬಿಡ್ತಿಲ್ಲವಲ್ಲ..." ಎಂದು ಭೂಮಿ ಹೆದರಿದಳು.

ಏಡಿಯಮ್ಮನಿಗೆ ಕರುಳು ಚುರುಕ್ ಎಂದಿತು. ದೂರು ಹೇಳಿದವಳು ತಾನೇ ಅಲ್ಲವೇ! ಅಡ್ಡಡ್ಡ ನಡೆದು, ಏದುಸಿರು ಬಿಡುತ್ತ ಬೆಟ್ಟದ ತುದಿ ಹತ್ತಿದಳು. ಕೊಂಬಿನಂಥ ಎರಡೂ ಕೈ ಎತ್ತಿ ಕೂಗಿದಳು:

"ಚಂದ್ರಪ್ಪಾ! ಬಂದುಬಿಡೋ! ನೀನು ಬಂದರೆ ನಮ್ಮ ಮನೆ ಹೋಗುತ್ತೆ, ನಿಜ. ಬರದೇ ಇದ್ದರೆ ಕೂಸೇ ಹೋಗುತ್ತೆ!"

ಗಾಳಿ ಆ ಮಾತನ್ನು ಎತ್ತಿಕೊಂಡು ಓಡಿತು. ಚಂದ್ರನಿಗೆ ಮುಟ್ಟಿಸಿತು. ಅವನು ದಡಕ್ಕನೆ ಎದ್ದ. ಎದ್ದವನು ಅಲ್ಲೇ ನಿಂತ.

"ಅಪ್ಪಾ, ಹೋದರೆ ಒಂದು ಕಷ್ಟ, ಹೋಗದಿದ್ದರೆ ಇನ್ನೊಂದು ಕಷ್ಟ. ನಾನೇನು ಮಾಡಲಿ?" ಎಂದು ಸೂರ್ಯಪ್ಪನನ್ನು ಕೇಳಿದ.

ಸೂರ್ಯಪ್ಪ ಎಲ್ಲವನ್ನೂ ನೋಡಿದ್ದ. "ಕೂಸು ನಗ್ತಿದ್ದದ್ದು ಯಾವಾಗ ಗೊತ್ತೇನೋ?"

"ಗೊತ್ತಿಲ್ಲ."

"ನಿನ್ನ ಮುಖ ಕಂಡಾಗ. ಅಳ್ತಿದ್ದದ್ದು?"

ಚಂದ್ರ ಯೋಚಿಸಿದ. ಮೆಲ್ಲಗೆ ಕೇಳಿದ, "ಬೆನ್ನು ಕಂಡಾಗಲಾ?"

"ಹ್ಞೂಂ."

"ಹಾಗಾದರೆ ನಾನು ತಿರುಗೋದನ್ನೇ ಬಿಡಬೇಕಾ ಅಪ್ಪಾ?"

"ಬಿಡು ಅಂತ ಯಾರಂದರು? ನಿಧಾನ ಮಾಡು. ಅಕ್ಕನ ಸುತ್ತ ಒಂದು ಸುತ್ತು ನಡೆದು ಮುಗಿಸುವಷ್ಟರಲ್ಲಿ ನೀನೂ ಒಂದೇ ಒಂದು ಸುತ್ತು ತಿರುಗು. ಮುಖ ತಾನಾಗಿಯೇ ಕೂಸಿನ ಕಡೆ ಇರುತ್ತೆ."

ಚಂದ್ರ ಅಕ್ಕನ ಹತ್ತಿರ ವಾಪಸು ಬಂದ. ಹೇಳುವಷ್ಟು ಸುಲಭವಾಗಿರಲಿಲ್ಲ ಅದು. ಒಮ್ಮೆ ಅವಸರದಲ್ಲಿ ಹೆಚ್ಚು ತಿರುಗಿ ಒಂದು ಕಿವಿ ಮರೆಯಾಯಿತು, ಕೂಸಿನ ತುಟಿ ನಡುಗಿತು. "ಇಲ್ಲ ಇಲ್ಲ, ಇಲ್ಲೇ ಇದ್ದೀನಿ ಬಂಗಾರಾ" ಎನ್ನುತ್ತ ಸರಿಮಾಡಿಕೊಂಡ. ಒಂದು ಹೆಜ್ಜೆ, ಒಂಚೂರು ತಿರುಗು. ಇನ್ನೊಂದು ಹೆಜ್ಜೆ, ಇನ್ನೊಂಚೂರು ತಿರುಗು. ನಿಧಾನ, ನಿಧಾನ.

ಆಗ ಕಣ್ಣ ಮುಂದಿನ ಬಣ್ಣದ ಗೆರೆಗಳೆಲ್ಲ ಕರಗಿದವು. ಚಂದ್ರ ಮೊದಲ ಸಲ ಕೂಸಿನ ಮುಖ ನೋಡಿದ. ಎಷ್ಟು ನೀಲಿ! ನಕ್ಕರೆ ಕೆನ್ನೆಯ ಗುಳಿಯಲ್ಲಿ ಬಿಳಿ ನೊರೆ!

"ಅಕ್ಕಾ, ಇದು ಇಷ್ಟು ಚೆಂದ ಇದೆ ಅಂತ ನೀನು ಹೇಳಲೇ ಇಲ್ಲವಲ್ಲ!" ಅಂದ.

"ನೀನು ನಿಂತು ಕೇಳಿದ್ದರೆ ತಾನೇ?" ಎಂದು ಭೂಮಿ ನಕ್ಕಳು. ತಮ್ಮನನ್ನು ಬೈದದ್ದು ನೆನಪಾಗಿ ಅವಳ ಕಣ್ಣು ತುಂಬಿ ಬಂದಿತ್ತು.

ಕೂಸು ಮೈಮುರಿದು ಎದ್ದಿತು. ಮಾವನತ್ತ ಕೈ ಚಾಚಿತು. ನೀರು ಮೆಲ್ಲಗೆ ಮರಳಿನ ಮೇಲೆ ಏರಿತು. ಮಾವ ಮುಂದೆ ಸಾಗಿದಾಗ, ಅವನ ಮುಖ ಇನ್ನೂ ತನ್ನ ಕಡೆಗೇ ಇರುವುದನ್ನು ಕಂಡು, ಅಳದೆ ಜಿಗಿಯದೆ ಕೈ ಇಳಿಸಿತು. ನೀರು ಮೆಲ್ಲಗೆ ಹಿಂದೆ ಸರಿಯಿತು. ದಂಡೆಯ ತುಂಬ ಪಾಚಿ, ಸಿಗಡಿ! ಏಡಿಮರಿಗಳಿಗೆ ಅವತ್ತು ಹಬ್ಬದೂಟ. ಏಡಿಯಮ್ಮ ನೀರು ಬಂದು ನಿಂತ ಗೆರೆಯಿಂದ ಒಂಚೂರು ಮೇಲಕ್ಕೆ ಹೊಸ ಬಿಲ ತೋಡಿಕೊಂಡಳು.

ಇದನ್ನೆಲ್ಲ ನೋಡುತ್ತಿದ್ದ ಸೂರ್ಯಪ್ಪನಿಗೆ ಆಸೆ ತಡೆಯಲಾಗಲಿಲ್ಲ. "ಮಾವನಿಗೆ ಮಾತ್ರವಾ? ನನಗೂ ಮೊಮ್ಮಗುವೇ ಅದು!" ಅಂದ. ಅಮಾವಾಸ್ಯೆಯ ದಿನ ಮಗನ ಹಿಂದೆ ನಿಂತು ಕರೆದ. ಹುಣ್ಣಿಮೆಯ ದಿನ ಮಗನ ಎದುರು ಬದಿಗೆ ನಿಂತು ಕರೆದ. ಅಜ್ಜ, ಮಾವ ಇಬ್ಬರೂ ಸೇರಿ ಕರೆದರೆ ಕೇಳಬೇಕೇ? ಕೂಸು ಆ ಎರಡು ದಿನ ತುದಿಗಾಲಲ್ಲಿ ನಿಂತು ಇನ್ನೂ ಎತ್ತರಕ್ಕೆ ಕೈ ಚಾಚಿತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕಡಲ ನೀರು ದಿನಾ ದಂಡೆಗೆ ಏರಿ ಬಂದು, ನೀವು ಮರಳಲ್ಲಿ ಕಟ್ಟಿದ ಗುಬ್ಬಚ್ಚಿ ಗೂಡನ್ನು ಸವರಿ ಹಿಂದೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಇನ್ನಷ್ಟು ಉಕ್ಕುತ್ತದೆ; ಮತ್ತೆ ನೀವು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ತಲೆಯೆತ್ತಿ ನೋಡಿದರೂ ಚಂದಮಾಮನ ಅದೇ ಮುಖ ಕಾಣುತ್ತದೆಯೇ ಹೊರತು ಬೆನ್ನು ಮಾತ್ರ ಕಾಣುವುದಿಲ್ಲ.